ಲೇಔಟ್ ಹಿಂದಿನ ಬಯಲು: ಬೇಲಿ ಹಾಕ್ಬೇಕಾ, ಬೇಡ್ವಾ?

ತುಂಗಾತೀರ:
ನಮಸ್ಕಾರ ಎಲ್ರಿಗೂ. ನಮ್ದು ಶಿವಮೊಗ್ಗದ ಹೊರಗೆ, ತೀರ್ಥಹಳ್ಳಿ ರೋಡ್ ಕಡೆ ಒಂದು ಲೇಔಟು, ಹೆಸ್ರು ಬೇಡ ಬಿಡಿ. ಮನೆಗಳ ಹಿಂದ್ಗಡೆ ಒಂದೂವರೆ ಎಕರೆ ಹತ್ತತ್ರ ಜಾಗ ಇದೆ, ಪ್ಲಾನಲ್ಲಿ ಹಸಿರು ಬಣ್ಣ ಬಳಿದು ಉದ್ಯಾನ ಅಂತ ಬರ್ದಿದಾರೆ, ಹೋಗಿ ನೋಡಿದ್ರೆ ಬರೀ ಬಯಲು. ನಡುವೆ ಒಂದು ದೊಡ್ಡ ಗೋಣಿಮರ, ಬುಡದಲ್ಲಿ ಚೌಡಿ ಕಲ್ಲು, ಒಂದು ಅಂಚಲ್ಲಿ ಮಳೆಗಾಲಕ್ಕೆ ಮಾತ್ರ ಹರಿಯೋ ಹಳ್ಳ. ಸಂಜೆ ಹುಡುಗ್ರು ಕ್ರಿಕೆಟ್ ಆಡ್ತಾರೆ, ಪಕ್ಕದ ಹಳ್ಳಿ ಎಮ್ಮೆ ಬಂದು ಮೇಯ್ತವೆ, ಮೊದಲ ಮಳೆ ಬಿದ್ಮೇಲೆ ಅಲ್ಲಿಯ ಹೆಂಗಸ್ರು ಚಗಟೆಸೊಪ್ಪು ಒಂದೆಲಗ ಕುಯ್ಕೊಂಡು ಹೋಗ್ತಾರೆ.

ಈಗ ವಿಷ್ಯ ಏನಂದ್ರೆ ರಾತ್ರಿ ಹೊತ್ತು ಯಾರೋ ಟ್ರ್ಯಾಕ್ಟರಲ್ಲಿ ಮನೆ ಒಡೆದ ಮಣ್ಣು, ಟೈಲ್ಸ್ ಚೂರು ತಂದು ಸುರಿದು ಹೋಗ್ತಿದಾರೆ, ಹಳ್ಳದ ಅರ್ಧ ಮುಚ್ಚೇ ಹೋಗಿದೆ, ಚೌಡಿ ಕಲ್ಲಿನ ಸುತ್ತ ಒಡೆದ ಕಮೋಡು. ಸಂಘದಲ್ಲಿ ಎರಡು ಗುಂಪಾಗಿದೆ. ಒಂದು ಗುಂಪಿಗೆ ಚೈನ್‌ಲಿಂಕ್ ಬೇಲಿ, ಗೇಟು, ಬೀಗ, ಪೇವರ್ಸು, ಲಾನು, ಓಪನ್ ಜಿಮ್ಮು ಎಲ್ಲಾ ಬೇಕು, ಎಸ್ಟಿಮೇಟೂ ತರ್ಸಿದಾರೆ. ಇನ್ನೊಂದು ಗುಂಪು ಗಿಡ ನೆಟ್ಟು ನಾವೇ ನೋಡ್ಕೊಳ್ಳೋಣ ಅಂತಿದೆ. ನಾನು ಎರಡನೇ ಗುಂಪು, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ತಿಲ್ಲ. ಇಂಥಾ ಕೆಲ್ಸ ಮಾಡಿರೋರು ಹೇಳಿ ದಯವಿಟ್ಟು.

ಸುಮ್ನೆ ಓದೋಳು:
ನಾನು ಬೇರೆ ಲೇಔಟಿನವಳು, ಆದ್ರೆ ಬೇಲಿ ಗುಂಪಿನ ಪರ. ನಮ್ಮಲ್ಲೂ ಇಂಥದೇ ಜಾಗ ಇದೆ ಸಾರ್, ಕತ್ತಲಾದ್ರೆ ಕುಡಿಯೋರ ಅಡ್ಡ, ಬೆಳಿಗ್ಗೆ ವಾಕಿಂಗ್ ಹೋದ್ರೆ ಕಾಲಿಗೆ ಬಾಟಲಿ ಗಾಜು. ಹೆಣ್ಮಕ್ಳು ಟ್ಯೂಷನ್ ಮುಗಿಸ್ಕೊಂಡು ಆ ದಾರೀಲಿ ಬರಕ್ಕಾಗಲ್ಲ. ಬಯಲು ಚೆಂದ ಹಸಿರು ಚೆಂದ ಅನ್ನೋರು ರಾತ್ರಿ ಎಂಟಕ್ಕೆ ಒಬ್ರೇ ಅಲ್ಲಿ ಓಡಾಡಿ ನೋಡ್ಲಿ.

ಪಹಣಿ ಪುಟ್ಟಣ್ಣ:
ಗಿಡನೂ ಬೇಡ ಬೇಲಿನೂ ಬೇಡ, ಮೊದ್ಲು ಕಾಗದ. ಆ ಜಾಗ ಯಾರ ಹೆಸ್ರಲ್ಲಿದೆ ಅಂತ ನೋಡಿದೀರಾ? ಲೇಔಟ್ ಮಂಜೂರಾಗ್ಬೇಕಾದ್ರೆ ಪಾರ್ಕು, ರಸ್ತೆ, ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಅಂತ ಬಿಡೋ ಜಾಗ) ಎಲ್ಲಾ ಡೆವಲಪರ್ ಬಿಟ್ಟುಕೊಡ್ಬೇಕು, ಅದಕ್ಕೆ ರಿಲಿಂಕ್ವಿಷ್‌ಮೆಂಟ್ ಡೀಡ್ ಅಂತ ಆಗುತ್ತೆ. ಎಷ್ಟೋ ಕಡೆ ಪ್ಲಾನಲ್ಲಿ ಹಸಿರು ಬಣ್ಣ ಇರುತ್ತೆ, ಡೀಡ್ ಆಗಿರಲ್ಲ, ಹತ್ತು ವರ್ಷ ಬಿಟ್ಟು ಅದೇ ಜಾಗಕ್ಕೆ ಸೈಟ್ ನಂಬರ್ ಬಿದ್ದಿರುತ್ತೆ. ಆಮೇಲೆ ನೀವು ಅಲ್ಲಿ ನೆಟ್ಟ ಸಂಪಿಗೆ ಮರ ಯಾರದೋ ಮನೆ ಮುಂದಿನ ಮರ ಆಗಿರುತ್ತೆ.

ಮಾಡ್ಬೇಕಾಗಿದ್ದು ಇಷ್ಟು. ಮೊಬೈಲಲ್ಲಿ ದಿಶಾಂಕ್ ಆಪ್ ಹಾಕ್ಕೊಳಿ, ಆ ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ತೋರ್ಸುತ್ತೆ. ಆ ನಂಬರಿನ ಹಳೇ ಪಹಣಿ, ವಿಸ್ತೀರ್ಣ ಕಂದಾಯದ ಲೆಕ್ಕ ಇರೋ ಆಕಾರ್‌ಬಂದ್, ಗ್ರಾಮ ನಕಾಶೆ ತೆಗೀರಿ. ಹಳ್ಳ ಇದೆ ಅಂದ್ರಲ್ಲ, ಅದು ನಕಾಶೇಲಿ ಗೆರೆ ಹೊಡ್ದು ತೋರ್ಸಿರ್ತಾರೆ, ಪಹಣೀಲಿ ಬಿ ಖರಾಬು ಅಂತ ಬರುತ್ತೆ. ಬಿ ಖರಾಬು ಅಂದ್ರೆ ದಾರಿ, ಹಳ್ಳ, ಕೆರೆ, ಸ್ಮಶಾನ ಈ ಥರ ಸಾರ್ವಜನಿಕರಿಗೆ ಬಿಟ್ಟಿದ್ದು, ಅದನ್ನ ಮುಚ್ಚೋ ಹಕ್ಕು ಡೆವಲಪರಿಗೂ ಇಲ್ಲ ನಿಮ್ಮ ಸಂಘಕ್ಕೂ ಇಲ್ಲ. ಡೀಡ್ ಕಾಪಿ ಕೇಳಿದ್ರೆ ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಹಾಕಿ, ಹತ್ತು ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷ್ಯ, 150 ಪದದ ಒಳಗೆ ಅನ್ನೋ ನಿಯಮ ಇದೆ, ಕಥೆ ಬರೀಬೇಡಿ, ವಾಪಸ್ ಕಳಿಸ್ತಾರೆ.

ಗಾಜನೂರ್ ಗಾಡಿ:
ಪುಟ್ಟಣ್ಣ ಬಂದ್ರು, ಇನ್ನು ಎಲ್ರೂ ನಾಡಕಚೇರಿಗೆ ನಡೀರಿ 😀

ಪಹಣಿ ಪುಟ್ಟಣ್ಣ:
ನಗಿ ನಗಿ. 1985ರಲ್ಲೇ ಕರ್ನಾಟಕ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಬಂದಿದೆ, ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡ್ಬೇಕು ಅಂತ ಅದರಲ್ಲಿದೆ. ಪಟ್ಟೀಲಿ ನಿಮ್ಮ ಬಯಲಿದೆಯಾ ಅಂತ ಕೇಳೋದು ಮೊದಲನೇ ಅರ್ಜಿ. ಆಮೇಲೆ 1991ರ ಸುಪ್ರೀಂ ಕೋರ್ಟ್ ತೀರ್ಪು ಒಂದಿದೆ, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ, ಪಾರ್ಕಿಗೆ ಅಂತ ಬಿಟ್ಟ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದು ತಪ್ಪು ಅಂತ ಹೇಳಿದ್ದು. ಕೇಸ್ ಹಾಕಿದ್ದು ಯಾರು, ಆ ಬಡಾವಣೆ ನಿವಾಸಿಗಳು. ಬಡಾವಣೆಯೋರಿಗೆ ಕೇಳೋ ಹಕ್ಕಿದೆ ಅಂತ ಕೋರ್ಟೇ ಒಪ್ಪಿದೆ. ಆಸ್ಪತ್ರೆಗೇ ಹಂಗಂದಿದ್ದಾರೆ ಅಂದ್ರೆ ನಾಳೆ ಯಾರೋ ಬಂದು ಸಮುದಾಯ ಭವನ, ಗುಡಿ, ನೀರಿನ ಘಟಕ ಅಂದ್ರೆ ಏನು ಹೇಳ್ಬೇಕು ಅಂತ ಗೊತ್ತಿರ್ಲಿ.

ರಿಟೈರ್ಡ್ ಮೇಷ್ಟ್ರು:
ತುಂಗಾತೀರ ಅವರೇ, ಕಾಗದದ ಕೆಲ್ಸ ಪುಟ್ಟಣ್ಣ ಹೇಳಿದಂಗೆ ನಡೀಲಿ, ನಾನು ಗಿಡದ ಮಾತಾಡ್ತೀನಿ. ಗೋಣಿಮರ ಇದೆ ಅಂದ್ರಲ್ಲ, ಅದೊಂದೇ ಸಾಕು ಆ ಜಾಗಕ್ಕೆ ಬೆಲೆ. ಆಲ, ಅತ್ತಿ, ಬಸರಿ, ಗೋಣಿ ಎಲ್ಲಾ ಒಂದೇ ಜಾತಿಯವು, ಹಣ್ಣು ಬಿಟ್ಟಾಗ ಹೋಗಿ ಅರ್ಧ ಗಂಟೆ ಕೂತು ನೋಡಿ, ಕುಟ್ರು ಹಕ್ಕಿ, ಪಿಕಳಾರ, ಮೈನಾ, ರಾತ್ರಿ ಆದ್ರೆ ಬಾವಲಿ. ಅವು ಉದುರಿಸಿದ ಬೀಜದಿಂದ ನೀವು ನೆಡದೇ ಇದ್ರೂ ಗಿಡ ಹುಟ್ಟುತ್ತೆ. ಆ ಮರದ ಬುಡಕ್ಕೆ ಪೇವರ್ಸ್ ಮುಚ್ಚಿದ್ರೆ ಬೇರಿಗೆ ನೀರೂ ಇಲ್ಲ ಗಾಳಿಯೂ ಇಲ್ಲ. ದೆಹಲಿಯ ಮರಗಳ ವಿಷ್ಯದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂತ ಹೇಳಿದೆ, ಇಷ್ಟು ದೊಡ್ಡ ಗೋಣಿಗೆ ಒಂದು ಮೀಟರೂ ಕಮ್ಮಿನೇ, ಕೊಂಬೆ ನೆರಳು ಎಲ್ಲಿವರ್ಗೆ ಬೀಳುತ್ತೋ ಅಲ್ಲಿವರ್ಗೆ ಮಣ್ಣು ಬಿಡಿ.

ಹೊಸ ಗಿಡ ಅಂದ್ರೆ ನೇರಳೆ, ಹೊಳೆದಾಸವಾಳ, ಬಕುಳ, ಸಂಪಿಗೆ, ಕಕ್ಕೆ, ಹೊಂಗೆ. ಹಳ್ಳದ ದಂಡೆಗೆ ಹೊಳೆಮತ್ತಿ, ಅತ್ತಿ. ದಯಮಾಡಿ ಕೊನೊಕಾರ್ಪಸ್ ಹಾಕ್ಬೇಡಿ, ಬೇಗ ಹಸಿರು ಗೋಡೆ ಆಗುತ್ತೆ ಅಂತ ಎಲ್ಲಾ ಲೇಔಟಲ್ಲೂ ತಂದು ಸಾಲಾಗಿ ನಿಲ್ಲಿಸ್ತಿದಾರೆ, ಗುಜರಾತಲ್ಲಿ 2023ರಲ್ಲಿ ಅದಕ್ಕೆ ನಿಷೇಧ ಹಾಕಿದಾರೆ. ಗುಲ್‌ಮೊಹರೂ ಬೇಡ, ಹೂವು ಚೆಂದ, ಗಾಳಿ ಮಳೆಗೆ ಮೊದ್ಲು ಬೀಳೋದೇ ಅದು.

ಸುಮ್ನೆ ಓದೋಳು:
ಮೇಷ್ಟ್ರೆ, ಲಾನ್ ಹಾಕ್ಸಿದ್ರೆ ಮಕ್ಳು ಆಡ್ಕೊತಾರೆ, ಹಾವಿನ ಭಯ ಇರಲ್ಲ, ಅದ್ರಲ್ಲಿ ತಪ್ಪೇನು?

ರಿಟೈರ್ಡ್ ಮೇಷ್ಟ್ರು:
ತಪ್ಪೇನಿಲ್ಲ ತಾಯಿ, ಆದ್ರೆ ಲಾನ್ ಅಂದ್ರೆ ಮನೇಲಿ ಬೀಡು ಬಿಟ್ಟ ಅಳಿಯ ಇದ್ದಂಗೆ, ದಿನಾ ಉಪಚಾರ ಆಗ್ಬೇಕು. ನೀರು, ಗೊಬ್ಬರ, ಕತ್ತರಿ, ಮಾಲಿ ಸಂಬಳ. ಉದ್ಘಾಟನೆ ವರ್ಷ ಚೆನ್ನಾಗಿರುತ್ತೆ, ಮೂರನೇ ಬೇಸಿಗೆಗೆ ಬೋರ್‌ವೆಲ್ ಕೈ ಕೊಟ್ರೆ ಪಾರ್ಥೇನಿಯಂ ಅದನ್ನ ವಹಿಸ್ಕೊಳ್ಳುತ್ತೆ. ಎಮ್ಮೆ ಮೇದ ಗರಿಕೆ ಹುಲ್ಲಿನ ಮೇಲೆ ಹುಡುಗ್ರು ಈಗ್ಲೂ ಆಡ್ತಿದಾರಲ್ಲ, ಕಾಸಿಲ್ಲದ ಲಾನು ಅದೇ. ಹಾವಿಗೆ ಅಂಜಿಕೆ ಇದ್ದೇ ಇರುತ್ತೆ, ಅದು ಹುಲ್ಲಿಗಿಂತ ಕಲ್ಲು ಇಟ್ಟಿಗೆ ರಾಶೀಲಿ ಇಲಿ ಹುಡುಕ್ಕೊಂಡು ಬರುತ್ತೆ. ಡೆಬ್ರಿಸ್ ಮೊದ್ಲು ತೆಗ್ಸಿ.

ಅಡಿಕೆ ಸುಲಿಯೋನು:
ಹೊಸನಗರ ಕಡೆಯೋನು ನಾನು. ಪೇಟೆಯೋರ ಪಾರ್ಕಿನ ಗಲಾಟೇಲಿ ನಮ್ದೇನಿಲ್ಲ, ಆದ್ರೆ "ಗಿಡ ನೆಟ್ಟುಬಿಡೋಣ" ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ, ಅದಕ್ಕೆ ಬರೀತಿದೀನಿ. ನಮ್ಮೂರ ಗೋಮಾಳ ಗುಡ್ಡದ ಮೇಲಿತ್ತು, ಒಳ್ಳೇ ಹುಲ್ಲು, ಊರಿನ ದನ ಎಲ್ಲಾ ಅಲ್ಲೇ. ಬಂಜರು ಬಿದ್ದಿದೆ ಹಸಿರು ಮಾಡ್ತೀವಿ ಅಂತ ಒಂದು ವರ್ಷ ಅಗಳ ಹೊಡ್ದು ಅಕೇಶಿಯಾ ನೆಟ್ರು. ಬೆಳೀತು, ಬೆಳೀಲಿಲ್ಲ ಅಂತ ಹೇಳಲ್ಲ. ಬುಡದಲ್ಲಿ ಒಂದು ಕಡ್ಡಿ ಹುಲ್ಲಿಲ್ಲ, ಉದುರಿದ ಎಲೆ ಕೊಳೆಯೋದೂ ಇಲ್ಲ, ದನ ಒಳಗೆ ಕಾಲಿಡಲ್ಲ. ದನ ಇದ್ದೋರು ಒಬ್ಬೊಬ್ರೇ ಮಾರಿದ್ರು, ದನ ಇಲ್ಲ ಅಂದ್ಮೇಲೆ ಗೋಮಾಳ ಯಾಕೆ ಅಂತ ಸುತ್ತಲಿಂದ ಒತ್ತುವರಿ ಶುರು ಆಯ್ತು, ಮೊದ್ಲು ಶುಂಠಿ, ಆಮೇಲೆ ಅಡಿಕೆ. ಈಗ ಒತ್ತುವರಿ ಸಕ್ರಮ ಮಾಡ್ಕೊಡಿ ಅಂತ ಫಾರಂ 57 ಹಾಕ್ಕೊಂಡು ಕೂತಿದಾರೆ.

ನೂರು ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ 30 ಎಕರೆ ಗೋಮಾಳ ಬಿಡ್ಬೇಕು ಅಂತ ಭೂಕಂದಾಯ ನಿಯಮದಲ್ಲಿದೆ. ಎಲ್ಲಿದೆ ಹೇಳಿ ನೋಡೋಣ.

ಹುಲ್ಲುಗಾವಲು ಅಂದ್ರೆ ಖಾಲಿ ಜಾಗ ಅಲ್ಲ ಮಾರಾಯ್ರೆ. ಬಯಲಾಗಿ ಇರೋದನ್ನ ಬಯಲಾಗೇ ಇರಕ್ಕೆ ಬಿಡಿ. ನಿಮ್ಮ ಒಂದೂವರೆ ಎಕರೇಲಿ ಅಂಚಿಗೆ ಹತ್ತು ಗಿಡ ಹಾಕಿ, ನಡುವೆ ಮುಟ್ಟಬೇಡಿ.

ತುಂಗಾತೀರ:
ಅಣ್ಣ, ಇದು ನಂಗೆ ಹೊಳೆದಿರ್ಲೇ ಇಲ್ಲ. ನಮ್ಮ ಗುಂಪಿನೋರು ನೂರು ಸಸಿ ತರ್ಸೋ ಲೆಕ್ಕದಲ್ಲಿದ್ರು, ಅರಣ್ಯ ಇಲಾಖೆಯಿಂದ ಗಿಡಕ್ಕೆ ದುಡ್ಡೂ ಬರುತ್ತಂತಲ್ಲ?

ಪಹಣಿ ಪುಟ್ಟಣ್ಣ:
ಅದು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, ರೈತರು ತಮ್ಮ ಜಮೀನಲ್ಲಿ ನೆಟ್ಟು ಬದುಕಿಸಿದ ಗಿಡಕ್ಕೆ. ಮೂರು ವರ್ಷದಲ್ಲಿ 35, 40, 50 ಹಿಂಗೆ ಒಟ್ಟು 125 ರೂಪಾಯಿ. ಪಾರ್ಕಿಗಲ್ಲ. ನಿಮಗೆ ನರ್ಸರೀಲಿ ರಿಯಾಯ್ತಿ ದರದ ಸಸಿ ಸಿಗುತ್ತೆ ಅಷ್ಟೇ, ಜೂನ್ ಮೊದಲೇ ಹೋಗಿ ಕೇಳಿ, ಮಳೆ ಬಿದ್ಮೇಲೆ ಹೋದ್ರೆ ಉಳಿದಿರೋದು ಸಿಲ್ವರ್ ಓಕು ತೇಗ.

ಸೊರಬದ ಕಾನು:
ಅಡಿಕೆ ಅಣ್ಣನ ಮಾತಿಗೆ ಸೇರ್ಸಿ ಹೇಳ್ತೀನಿ, ನಮ್ಮ ಕಡೆ ಊರಿಗೊಂದು ಕಾನು ಅಂತ ಇತ್ತು. 1868ರಲ್ಲೇ ಬ್ರಾಂಡಿಸ್, ಗ್ರಾಂಟ್ ಅಂತ ಇಬ್ರು ಸೊರಬದ ಕಾನುಗಳ ಮೇಲೆ ವರದಿ ಬರ್ದಿದಾರೆ. ಸುತ್ತ ಗದ್ದೆ, ಒಣಕಾಡು, ನಡುವೆ ಕಪ್ಪಗೆ ನಿಂತಿರೋ ಕಾಡು, ಒಳಗೆ ಕಾಳುಮೆಣಸಿನ ಬಳ್ಳಿ, ಬಗನಿ, ಉಪ್ಪಾಗೆ, ಮುರುಗಲು, ರಾಮಪತ್ರೆ, ಹಲಸು. ಕಾನು ಉಳಿದಿದ್ದು ಜನ ಕೈ ಮುಗಿದು ದೂರ ನಿಂತಿದ್ದಕ್ಕೆ ಅಂತ ಪೇಪರಲ್ಲಿ ಬರೀತಾರೆ, ಹಂಗಲ್ಲ. ಮೆಣಸು ಕುಯ್ಯೋರು, ಬಗನಿ ಮರ ಕಟ್ಟಿ ಹೆಂಡ ಇಳ್ಸೋರು, ದರಕು (ಉದುರಿದ ಒಣ ಎಲೆ) ಗುಡಿಸೋರು, ದೇವರಿಗೆ ಹಣ್ಣುಕಾಯಿ ಮಾಡೋರು ವರ್ಷವಿಡೀ ಓಡಾಡ್ತಿದ್ರು. ಯಾರಾದ್ರೂ ಒಳಗೆ ಕೊಡ್ಲಿ ಹಾಕಿದ್ರೆ ಸಂಜೆಗೆ ಊರಿಗೆ ಗೊತ್ತಾಗ್ತಿತ್ತು. ಕಾಡಿನ ಮೆಣಸಿಗೆ ಹೋಗೋರು ನಿಂತ್ರು, ಒಳಗೆ ಏನಾಗ್ತಿದೆ ಅಂತ ಯಾರಿಗೂ ಗೊತ್ತಿಲ್ಲ, ಒತ್ತುವರಿ ಆಗಿ ಐದು ವರ್ಷ ಆದ್ಮೇಲೆ ಗೊತ್ತಾಗುತ್ತೆ. ಎಷ್ಟೋ ಕಾನು ಕಂದಾಯ ಇಲಾಖೆ ಲೆಕ್ಕದಲ್ಲಿವೆ, ಅರಣ್ಯ ಇಲಾಖೆ ಗಾರ್ಡು ಆ ಕಡೆ ಬರಲ್ಲ, ಬಂದ್ರೂ ಅವ್ರ ಕೈಲಿ ಏನಿಲ್ಲ.

ನಿಮ್ಮ ಬಯಲಿಗೆ ಈಗ ದಿನಾ ಬರೋರು ಯಾರು? ಎಮ್ಮೆ ಹೊಡ್ಕೊಂಡು ಬರೋನು, ಸೊಪ್ಪು ಕುಯ್ಯೋರು, ಕ್ರಿಕೆಟ್ ಹುಡುಗ್ರು. ಬೀಗ ಹಾಕಿದ್ರೆ ಮೊದ್ಲು ನಿಲ್ಲೋದು ಅವ್ರೇ. ಟ್ರ್ಯಾಕ್ಟರ್‌ನೋನು ಬೀಗ ಒಡ್ಕೊಂಡು ಬರ್ತಾನೆ.

ಸುಮ್ನೆ ಓದೋಳು:
ಕಾನು ಕಾನು ಅಂತೀರಿ, ಮಂಗನ ಕಾಯಿಲೆ ಬರೋದು ಎಲ್ಲಿಂದ ಸಾರ್? ಸಾಗರದ ನಮ್ಮ ಅತ್ತಿಗೆ ಮನೆಯೋರು ಈಗ್ಲೂ ಡಿಸೆಂಬರ್ ಬಂದ್ರೆ ಮಕ್ಳನ್ನ ಕಾಡಂಚಿಗೆ ಬಿಡಲ್ಲ.

ಸೊರಬದ ಕಾನು:
ಅಕ್ಕ, ಆ ಕಾಯಿಲೆಗೆ ಹೆಸ್ರೇ ನಮ್ಮ ತಾಲ್ಲೂಕಿನ ಕ್ಯಾಸನೂರಿಂದ ಬಂದಿದ್ದು, 1957ರಲ್ಲಿ. ನಾವು ಅದನ್ನ ಹಗುರ ಮಾಡಿ ಮಾತಾಡೋರಲ್ಲ. ಹರಡೋದು ಉಣುಗಿನಿಂದ, ಡಿಸೆಂಬರಿಂದ ಮೇವರೆಗೂ ಜೋರು, ಕಾಡಲ್ಲಿ ಮಂಗ ಸತ್ತಿದ್ದು ಕಂಡ್ರೆ ಮುಟ್ಟದೇ ಆರೋಗ್ಯ ಇಲಾಖೆಗೆ ಹೇಳ್ಬೇಕು, ದರಕಿಗೆ ಹೋಗೋರು ಉಣುಗು ಹತ್ತದಂಗೆ ಮೈಗೆ ಡೆಪಾ ಎಣ್ಣೆ ಹಚ್ಕೊಂಡು ಹೋಗಿ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೀಬೇಕು. ಇದೆಲ್ಲಾ ನಮ್ಮೂರಲ್ಲಿ ಮಕ್ಳಿಗೂ ಗೊತ್ತು. ಆದ್ರೆ ಆ ಕಾಯಿಲೆ ಜಾಸ್ತಿ ಆಗಿದ್ದು ಕಾಡು ಕಡಿದು ಜನ, ದನ ಕಾಡಿನ ಒಳಗಂಚಿಗೆ ಹೊಕ್ಕ ಮೇಲೆ ಅಂತ ಅದನ್ನ ಓದಿರೋರೇ ಹೇಳ್ತಾರೆ. ಒಂದು ಗೋಣಿಮರ ಇರೋ ಬಯಲಿಗೆ ಆ ಹೆದ್ರಿಕೆ ತಂದು ಅಂಟಿಸೋದು ಬೇಡ. ನಿಮ್ಮ ಕಡೆ ಮಂಗ ಸತ್ತಿದ್ದು ಕಂಡ್ರೆ ಆಗ ಬೇರೆ ಮಾತು.

ಗಾಜನೂರ್ ಗಾಡಿ:
ಸೊಳ್ಳೆ ವಿಷ್ಯ ಯಾರೂ ಎತ್ತಿಲ್ಲ, ನಾನೇ ಎತ್ತುತೀನಿ. ಹಳ್ಳ ಅರ್ಧ ಮುಚ್ಚಿದೆ ಅಂದ್ರೆ ನೀರು ನಿಂತಿರುತ್ತೆ, ನಿಂತ ನೀರು ಅಂದ್ರೆ ಡೆಂಗ್ಯೂ. ಹರಿಯೋ ಹಳ್ಳದಲ್ಲಿ ಈ ತೊಂದ್ರೆ ಇರಲ್ಲ. ಆ ಒಡೆದ ಕಮೋಡಲ್ಲೂ ನೀರು ನಿಂತಿರುತ್ತೆ, ಮಗುಚಿ ಹಾಕಿ ಸದ್ಯಕ್ಕೆ.

ಹಾಲಿನಮನೆ:
ನಾನು ಆ ಪಕ್ಕದ ಹಳ್ಳಿಯೋನು. ಯಾವ ಲೇಔಟು ಅಂತ ಹೆಸ್ರು ಹಾಕಿಲ್ಲ ಆದ್ರೆ ಗೋಣಿಮರ, ಚೌಡಿ, ಹಳ್ಳ ಅಂದ್ಮೇಲೆ ನಂಗೆ ಗೊತ್ತಾಯ್ತು, ಆ ಎಮ್ಮೆ ನಮ್ದೇ 😀

ತುಂಗಾತೀರ ಸಾರ್, ನೀವು ಗಲಾಟೆ ಮಾಡೋರಲ್ಲ ಅಂತ ಗೊತ್ತು, ನಮ್ಮ ಹಾಲೇ ನಿಮ್ಮನೆಗೆ ಬರೋದು. ಆದ್ರೂ ಹೇಳ್ತೀನಿ. ಈಗ ನಿಮ್ಮ ಲೇಔಟ್ ಇರೋದು ನಮ್ಮೂರ ಗದ್ದೆ ಬಯಲು. ಮೇಲ್ಗಡೆ ಒಂದು ಕೆರೆ ಇದೆ, ಚಿಕ್ಕದು, ನಿಮ್ಮೋರು ಯಾರೂ ಆ ಕಡೆ ಬಂದಿಲ್ಲ ಅನ್ಸುತ್ತೆ. ಆ ಕೆರೆ ಕೋಡಿ ಬಿದ್ರೆ ನೀರು ಹೋಗೋದೇ ಆ ಹಳ್ಳದಲ್ಲಿ, ಅಲ್ಲಿಂದ ತುಂಗೆಗೆ. ನಿಮ್ಗೆ ಅದು ಮಳೆಗಾಲದ ಚರಂಡಿ ಥರ ಕಾಣ್ಸುತ್ತೆ. ಅದನ್ನ ಪೂರ್ತಿ ಮುಚ್ಚಿದ್ರೆ ನೀರಿಗೆ ದಾರಿ ಎಲ್ಲಿ? ಕೊನೇ ಅಡ್ಡರಸ್ತೆ ಮನೆಗಳ ಹಾಲಿಗೆ ಬರುತ್ತೆ. ಪುನರ್ವಸು ಮಳೆ ಜೋರು ಹಿಡಿದ ವರ್ಷ ಅಲ್ಲಿ ಮಂಡಿ ಮಟ್ಟ ನೀರು ನಾನು ನೋಡಿದೀನಿ, ಆಗ ಅಲ್ಲಿ ಮನೆಗಳಿರ್ಲಿಲ್ಲ ಅಷ್ಟೇ.

ಚೌಡಿಗೆ ವರ್ಷಕ್ಕೊಂದ್ಸಲ ನಮ್ಮೂರೋರು ಬಂದು ಪೂಜೆ ಮಾಡಿ ಹೋಗ್ತೀವಿ. ಗೇಟ್ ಹಾಕಿದ್ರೆ ಕೀ ಯಾರ ಹತ್ರ ಕೇಳ್ಬೇಕು ನಾವು? ಹೋದ ವರ್ಷ ನಿಮ್ಮ ಸಂಘದೋರು ಒಬ್ರು ನಮ್ಮಮ್ಮನ್ನ ಸೊಪ್ಪು ಕುಯ್ತಿದ್ದಾಗ ಎದ್ದು ಹೋಗಿ ಅಂತ ಗದರಿಸಿ ಕಳ್ಸಿದ್ರು. ಅವ್ರು ಆ ಜಾಗಕ್ಕೆ ಅರವತ್ತು ವರ್ಷದಿಂದ ಹೋಗ್ತಿದಾರೆ. ಟ್ರ್ಯಾಕ್ಟರ್ ನಂಬರ್ ನಮ್ಮೂರ ಹುಡುಗ್ರಿಗೆ ಗೊತ್ತು, ಯಾರೂ ಕೇಳಿಲ್ಲ, ಹೇಳಿಲ್ಲ.

ತುಂಗಾತೀರ:
ಅಣ್ಣ, ಅಮ್ಮಂಗೆ ಹಂಗಂದೋರು ಯಾರು ಅಂತ ನಂಗೆ ಅಂದಾಜಿದೆ, ಇಲ್ಲಿ ಬೇಡ, ಮನೆಗೇ ಬಂದು ಮಾತಾಡ್ತೀನಿ. ಕೆರೆ ಇದೆ ಅಂತ ನಮ್ಮಲ್ಲಿ ಯಾರೂ ಬಾಯಿ ಬಿಟ್ಟಿಲ್ಲ, ಸೈಟ್ ಮಾರಿದೋರಂತೂ ಬಿಡ್ಲೇ ಇಲ್ಲ.

ಸುಮ್ನೆ ಓದೋಳು:
ಹಾಲಿನಮನೆ ಅವ್ರೇ, ನಿಮ್ಮಮ್ಮಂಗೆ ಹಂಗೆ ಅಂದಿದ್ದು ಸರಿಯಲ್ಲ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನ ಪ್ರಶ್ನೆ ಇನ್ನೂ ಹಂಗೇ ಇದೆ. ಕುಡುಕ್ರಿಗೆ ಏನ್ಮಾಡ್ತೀರಿ? ಎಲ್ರೂ ಬರ್ಲಿ ಅಂದ್ರೆ ಅವ್ರೂ ಬರ್ತಾರೆ.

ಹಾಲಿನಮನೆ:
ಅಕ್ಕ, ಕುಡಿಯೋರು ಕೂರೋದು ಕತ್ಲು ಇರೋ ಕಡೆ, ಹಳ್ಳದ ಆಚೆ ಲಂಟಾನ ಬೆಳ್ದು ಮರೆ ಆಗಿದೆಯಲ್ಲ ಅಲ್ಲಿ. ಎಮ್ಮೆ ಮೇಯೋ ಕಡೆ ಕೂರಲ್ಲ, ಸಗಣಿ 😀 ಲಂಟಾನ ಬುಡ ಸಮೇತ ಕಿತ್ರೆ ರಸ್ತೆಯಿಂದ ಆ ತುದಿವರ್ಗೂ ಕಣ್ಣಿಗೆ ಬೀಳುತ್ತೆ. ಒಂದು ಬೀದಿದೀಪ ಹಾಕಿಸ್ಕೊಳಿ ದಾರಿ ಮೇಲೆ. ನಮ್ಮೂರ ಹುಡುಗ್ರಿಗೆ ಒಂದು ವಾಲಿಬಾಲ್ ನೆಟ್ ಹಾಕಕ್ಕೆ ಬಿಡಿ, ರಾತ್ರಿ ಒಂಬತ್ತರವರೆಗೂ ಅಲ್ಲೇ ಇರ್ತಾರೆ, ಮಲ್ನಾಡಲ್ಲಿ ವಾಲಿಬಾಲ್ ಅಂದ್ರೆ ಗೊತ್ತಲ್ಲ.

ರಿಟೈರ್ಡ್ ಮೇಷ್ಟ್ರು:
ದೀಪ ದಾರಿ ಮೇಲೆ ಮಾತ್ರ, ಮರದ ಮೇಲೆ ಫೋಕಸ್ ಲೈಟ್ ಬಿಡ್ಬೇಡಿ. ಲಂಟಾನ ಒಂದೇ ಸಲ ಎಲ್ಲಾ ಕಿತ್ತು ನೆಲ ಬೋಳು ಮಾಡಿದ್ರೆ ಮೊದಲ ಮಳೆಗೆ ದಂಡೆ ಮಣ್ಣು ಹಳ್ಳಕ್ಕೆ ಬರುತ್ತೆ, ಸ್ವಲ್ಪ ಸ್ವಲ್ಪ ಕಿತ್ತು ಅಲ್ಲಲ್ಲೇ ಹೊಂಗೆ, ಅತ್ತಿ ಕೊಂಬೆ ಊರ್ತಾ ಹೋಗಿ. ಅತ್ತಿ ಸಸೀನೇ ಬೇಕು ಅಂತಿಲ್ಲ, ದಪ್ಪ ಕೊಂಬೆ ಮಳೆ ಶುರುವಲ್ಲಿ ಊರಿದ್ರೂ ಹಿಡ್ಕೊಳ್ಳುತ್ತೆ ಎಷ್ಟೋ ಸಲ.

ಅಡಿಕೆ ಸುಲಿಯೋನು:
ಗೇಟ್ ಬದ್ಲು ನಾಲ್ಕು ಕಲ್ಲುಕಂಬ ಹೂಳಿ, ಟ್ರ್ಯಾಕ್ಟರ್ ಅಗಲಕ್ಕಿಂತ ಕಮ್ಮಿ ಬಿಟ್ಟು. ಎಮ್ಮೆ ಬರುತ್ತೆ, ಸೈಕಲ್ ಬರುತ್ತೆ, ಟ್ರೇಲರ್ ಬರಲ್ಲ. ಆಚೆ ತುದೀಲಿ ಗಾಡಿ ದಾರಿ ಇದ್ರೆ ಅಲ್ಲಿ ಉಣುಗೋಲು ಹಾಕಿ, ಕೆಲ್ಸಕ್ಕೆ ಗಾಡಿ ಬೇಕಾದಾಗ ಗಳ ಎಳ್ದು ತೆಗೀಬೋದು. ಇಷ್ಟಕ್ಕೆ ಲಕ್ಷಗಟ್ಲೆ ಬೇಡ. ಚೈನ್‌ಲಿಂಕ್ ಎಸ್ಟಿಮೇಟ್ ಎಷ್ಟಿದೆ ಅಂತ ಕೇಳಲ್ಲ, ನಂಗೆ ಹೊಟ್ಟೆ ಉರ್ಕೊಳ್ಳೋದು ಬೇಡ.

ಹೊಸ ಸಸೀಗೆ ಎಮ್ಮೆ ಬಾಯಿ ಹಾಕದಂಗೆ ಸುತ್ತ ಮುಳ್ಳು ಕಟ್ಬೇಕು, ಅದಂತೂ ಬೇಕೇ ಬೇಕು. ಆರಿದ್ರಾ ಮಳೇಲಿ ನೆಡಿ, ಆಳುದ್ದ ಇರೋ ಸಸಿ ತನ್ನಿ, ಗೇಣುದ್ದದ್ದು ಹುಲ್ಲಲ್ಲೇ ಮುಚ್ಚಿ ಹೋಗುತ್ತೆ. ಬುಡಕ್ಕೆ ದರಕು ಹಾಸಿ. ಆಮೇಲೆ ಎರಡು ಬೇಸಿಗೆ ನೀರು ಹೊರ್ಬೇಕು. ಜೂನಲ್ಲಿ ಫೋಟೋ ತೆಗ್ಸಿಕೊಳ್ಳೋಕೆ ಐವತ್ತು ಜನ ಬರ್ತಾರೆ, ಮಾರ್ಚಲ್ಲಿ ಕೊಡ ಹಿಡ್ಕೊಂಡು ಬರೋರು ಎಷ್ಟು ಜನ ಅಂತ ಈಗ್ಲೇ ಹೆಸ್ರು ಬರೆಸ್ಕೊಳಿ. ಎಷ್ಟು ಹೆಸ್ರು ಬರುತ್ತೋ ಅದ್ರ ಎರಡರಷ್ಟು ಗಿಡ ನೆಡಿ, ಜಾಸ್ತಿ ಬೇಡ.

ಗಾಜನೂರ್ ಗಾಡಿ:
ಇದು ಸರಿಯಾದ ಲೆಕ್ಕ. ನಮ್ಮ ಏರಿಯಾದಲ್ಲಿ ಪರಿಸರ ದಿನ ಒಂದೇ ಗುಂಡೀಲಿ ಪ್ರತಿ ವರ್ಷ ಗಿಡ ನೆಡ್ತಾರೆ, ಗುಂಡಿ ಮಾತ್ರ ಆಳ ಆಗ್ತಾ ಇದೆ.

ಸೊರಬದ ಕಾನು:
ಬೆಂಕಿ ವಿಷ್ಯ ಮರೀಬೇಡಿ. ಜನವರಿಗೆ ಹುಲ್ಲು ಒಣಗುತ್ತೆ, ಒಂದು ಬೀಡಿ ಸಾಕು. ಮನೆ ಕಡೆ ಅಂಚಲ್ಲಿ ಎರಡಾಳು ಅಗಲ ಹುಲ್ಲು ಕೆರೆದು ಬೆಂಕಿ ರೇಖೆ ಮಾಡಿ. ದರಕು ಗುಡಿಸಿ ಸುಡೋದು ಬೇಡ, 2016ರಲ್ಲಿ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ರೆ 5,000 ದಂಡ ಅಂತ ಹೇಳಿದೆ, ದಂಡ ಹಾಕ್ತಾರೋ ಬಿಡ್ತಾರೋ, ಹಾಲಿನಮನೆಯೋರ ಕೊಟ್ಟಿಗೆಗೆ ಆ ದರಕೇ ಬೇಕಾಗಿರುತ್ತೆ, ಅವ್ರೇ ಗುಡಿಸ್ಕೊಂಡು ಹೋಗ್ತಾರೆ.

ಹಾಲಿನಮನೆ:
ಹೌದು, ಕೊಡ್ತೀವಿ ಅಂದ್ರೆ ನಾಳೆನೇ ಬರ್ತೀವಿ.

ಪಹಣಿ ಪುಟ್ಟಣ್ಣ:
ಈ ಒಪ್ಪಂದ ಎಲ್ಲಾ ಬಾಯಿಮಾತಲ್ಲಿ ಬಿಡ್ಬೇಡಿ. ಯಾರು ದರಕು ಗುಡಿಸ್ಬೋದು, ಎಮ್ಮೆ ಯಾವ ತಿಂಗಳು ಯಾವ ಕಡೆ, ಪೂಜೆ ದಿನ, ನೆಟ್ ಎಲ್ಲಿ, ಸಂಘದ ರಿಜಿಸ್ಟರಲ್ಲಿ ಬರೆದು ಎರಡೂ ಕಡೆಯೋರ ಸಹಿ. ನಾಳೆ ಸಂಘದ ಅಧ್ಯಕ್ಷರು ಬದಲಾದ್ರೆ ಯಾರಿಗೂ ನೆನಪಿರಲ್ಲ. ಪಾಲಿಕೆ ಆಗ್ಲಿ ಪಂಚಾಯ್ತಿ ಆಗ್ಲಿ, ಜಾಗ ಯಾರ ಸುಪರ್ದಿಯಲ್ಲಿದೆಯೋ ಅವ್ರಿಗೆ ನಿರ್ವಹಣೆ ನಾವು ಮಾಡ್ತೀವಿ ಅಂತ ಪತ್ರ ಕೊಟ್ಟು ಸ್ವೀಕೃತಿ ತಗೊಳಿ. ಅನುಮತಿ ಇಲ್ದೇ ಕಲ್ಲುಕಂಬ ಹೂತ್ರೆ ನಿಮ್ಮ ಮೇಲೇ ಒತ್ತುವರಿ ಅಂತ ಬರೀತಾರೆ.

ಇನ್ನೊಂದು, ಹಳ್ಳಿ ಕಡೆ ಓದೋರಿಗೆ. 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಕೇಸಲ್ಲಿ ಊರೊಟ್ಟಿನ ಕೆರೆ, ಗೋಮಾಳ ಒತ್ತುವರಿ ತೆರವು ಮಾಡ್ಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಬಡವರ ಗುಡಿಸಲಿಗೆ ಆ ತೀರ್ಪು ಹಿಡ್ಕೊಂಡು ಹೋಗೋರೂ ಇದಾರೆ, ಆ ತೀರ್ಪಲ್ಲೇ ಭೂಮಿ ಇಲ್ಲದ ಕೂಲಿಯೋರಿಗೆ, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಿದ್ರೆ ವಿನಾಯ್ತಿ ಇದೆ, ಅದನ್ನೂ ಓದಿ ಆಮೇಲೆ ಅರ್ಜಿ ಬರೀರಿ.

ತುಂಗಾತೀರ:
ಅಪ್ಡೇಟ್. ಡೀಡ್ ಕಾಪಿಗೆ ಅರ್ಜಿ ಹಾಕಿದೀನಿ, ನಕಾಶೆ ಸಿಕ್ತು. ಪುಟ್ಟಣ್ಣ ಹೇಳಿದಂಗೇ ಹಳ್ಳ ಗೆರೆ ಹೊಡ್ದು ತೋರ್ಸಿದಾರೆ, ಪಹಣೀಲಿ ಬಿ ಖರಾಬು ಅಂತಾನೇ ಇದೆ. ಭಾನುವಾರ ನಾನು, ಹಾಲಿನಮನೆ ಅಣ್ಣ, ಅವ್ರಮ್ಮ ಮೂರು ಜನ ಆ ಅಂಚಲ್ಲಿ ನಡೆದ್ವಿ. ಅಮ್ಮಂಗೆ ನಕಾಶೆ ಬೇಕಾಗ್ಲಿಲ್ಲ, ಲಂಟಾನದ ಒಳಗೆ ಕತ್ತಿ ಹಾಕಿ ಸವರಿ ಹಳೇ ಬಾಂದುಕಲ್ಲು (ಗಡಿ ಕಲ್ಲು) ಎರಡು ತೋರ್ಸಿದ್ರು, ಒಂದು ನೆಟ್ಟಗಿದೆ, ಒಂದು ಡೆಬ್ರಿಸ್ ರಾಶೀಲಿ ಅರ್ಧ ಹೂತಿದೆ, ಮೇಲೆ ಕೊರೆದ ಗುರುತು ಮಾತ್ರ ಕಾಣುತ್ತೆ. ಎರಡಕ್ಕೂ ದಾರ ಹಿಡಿದು ನೋಡಿದ್ರೆ ಒಂದು ತೊಂದ್ರೆ ಆಗಿದೆ. ಬೇಲಿ ಎಸ್ಟಿಮೇಟ್ ತಂದಿದಾರಲ್ಲ ಅವ್ರ ಮನೆ ಹಿಂದಿನ ಕಾರ್ ಶೆಡ್ಡು, ಪೂರ್ತಿ ಅಲ್ಲ ಆದ್ರೆ ಒಂದು ಗೋಡೆ, ಹಳ್ಳದ ಗೆರೆ ಒಳಗಡೆ ಬರ್ತಿದೆ. ಮುಂದಿನ ವಾರ ಸಂಘದ ಮೀಟಿಂಗಿದೆ. ಹೇಳ್ಬೇಕಾ?

ಗಾಜನೂರ್ ಗಾಡಿ:
ಅಯ್ಯೋ ದೇವ್ರೇ. ಮೀಟಿಂಗ್ ಲೈವ್ ಹಾಕಿ.

ಅಡಿಕೆ ಸುಲಿಯೋನು:
ಬೇಲಿ ಯಾಕೆ ಅಷ್ಟು ಅವಸರ ಅಂತ ಈಗ ಗೊತ್ತಾಯ್ತು ಬಿಡಿ.

ಪಹಣಿ ಪುಟ್ಟಣ್ಣ:
ಈಗ್ಲೇ ಬಾಯಿ ಬಿಡ್ಬೇಡಿ. ದಾರ ಹಿಡಿದಿದ್ದು ಅಳತೆ ಅಲ್ಲ, ದಿಶಾಂಕೂ ಕೆಲವು ಮೀಟರ್ ಆಚೀಚೆ ತೋರ್ಸುತ್ತೆ. ಸಾರ್ವಜನಿಕ ಜಾಗಕ್ಕೆ ಹದ್ದುಬಸ್ತು (ಗಡಿ ಅಳೆದು ಗುರುತು ಹಾಕೋದು) ಮಾಡ್ಸಿ ಅಂತ ಜಾಗದ ಸುಪರ್ದಿ ಇರೋರಿಂದಾನೇ ಸರ್ವೆ ಇಲಾಖೆಗೆ ಬರೆಸ್ಬೇಕು. ಮೀಟಿಂಗಲ್ಲಿ ನೀವು ಶೆಡ್ಡಿನ ಹೆಸ್ರೇ ಎತ್ಬೇಡಿ, "ಬೇಲಿ ಹಾಕೋ ಮುಂಚೆ ಗಡಿ ಗುರುತಾಗ್ಲಿ" ಅಂತ ಒಂದೇ ಠರಾವು ಇಡಿ. ಬೇಲಿ ಬೇಕು ಅನ್ನೋರೂ ಅದಕ್ಕೆ ಬೇಡ ಅನ್ನಕ್ಕಾಗಲ್ಲ. ಅವ್ರೇ ಸೂಚಕರಾದ್ರೆ ಇನ್ನೂ ಒಳ್ಳೇದು.

ಸುಮ್ನೆ ಓದೋಳು:
ಠರಾವಲ್ಲಿ ಬೀದಿದೀಪನೂ ಸೇರ್ಸಿ ಸಾರ್, ಅದಕ್ಕೆ ಸರ್ವೆಗೆ ಕಾಯ್ಬೇಕಾಗಿಲ್ಲ. ದೀಪ ಬಂದ್ರೆ ನಾನು ಬೇಲಿ ವಿಷ್ಯ ಬಿಡ್ತೀನಿ. ನಮ್ಮ ಲೇಔಟಿಗೂ ಒಂದು ನಕಾಶೆ ತೆಗೀಬೇಕು, ಪುಟ್ಟಣ್ಣ, ಸರ್ವೆ ನಂಬರ್ ನಿಮಗೆ ಮೆಸೇಜ್ ಮಾಡ್ಲಾ?

ಪಹಣಿ ಪುಟ್ಟಣ್ಣ:
ಮಾಡಿ ಅಕ್ಕ. ಹಿಸ್ಸಾ ನಂಬರೂ (ಸರ್ವೆ ನಂಬರಿನ ಒಳಭಾಗದ ನಂಬರು) ಹಾಕಿ, ಬರೀ ಸರ್ವೆ ನಂಬರ್ ಕಳಿಸ್ಬೇಡಿ.

ಹಾಲಿನಮನೆ:
ಆ ಹೂತಿರೋ ಬಾಂದುಕಲ್ಲಿನ ಮೇಲಿನ ರಾಶಿ ಯಾರೂ ಜೆಸಿಬಿಲಿ ತೆಗ್ಸಬೇಡಿ ದಯವಿಟ್ಟು, ಕಲ್ಲೇ ಎದ್ದು ಹೋಗುತ್ತೆ. ಶನಿವಾರ ಹಾಲು ಹಾಕಿ ಬಂದ್ಮೇಲೆ ನಾವು ನಾಲ್ಕು ಜನ ಬುಟ್ಟಿ ಗುದ್ದಲಿ ತಗೊಂಡು ಬರ್ತೀವಿ, ನಿಮ್ಮ ಕಡೆಯಿಂದ ಎಷ್ಟು ಜನ ಅಂತ ಹೇಳಿ.